ವೈದ್ಯರು, ಗೋಪ್ಯತೆ ಮತ್ತು ಪೋಕ್ಸೊ

ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂತು. ಹದಿನೆಂಟು ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ, ನಡೆಯಬಹುದೆಂಬ ಆತಂಕ ಮೂಡಿದರೂ, ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಅದರ 19ನೇ ಕಲಂ. ತಿಳಿಸದ ವೈದ್ಯರಿಗೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ರೋಗಿಯ ಗುಟ್ಟು ಕಾಯುವ ವೈದ್ಯಧರ್ಮಕ್ಕೆ ಇದರಿಂದ ಪೆಟ್ಟು ಬಿತ್ತೆಂಬ ದೂರನ್ನು ನಾನು ಪೂರ್ತಿ ಒಪ್ಪಲಾರೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿಸಂಹಿತೆಯೇ ನಿರ್ದಿಷ್ಟ ವ್ಯಕ್ತಿಗೆ ಗಂಭೀರ ಅಪಾಯವಿದ್ದಾಗ ಗುಟ್ಟು ಬಿಟ್ಟುಕೊಡಬಹುದು ಎಂದಿದೆ. ಮನೆಯವರಿಂದಲೇ ಹಿಂಸೆಗೊಳಗಾದ ಎಂಟು ವರ್ಷದ ಮಗುವಿಗಿಂತ ಹೆಚ್ಚಿನ ಅಪಾಯದಲ್ಲಿರುವವರು ಯಾರು?

ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ರಾಜುರಾದಲ್ಲಿ ಶಾಲಾ ಹಾಸ್ಟೆಲ್‌ನ ಆದಿವಾಸಿ ಬಾಲಕಿಯರ ಮೇಲೆ ದೌರ್ಜನ್ಯ ನಡೆದ ಪ್ರಕರಣವನ್ನೇ ನೋಡಿ. ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರು ವಿಷಯ ತಿಳಿದೂ ಪೊಲೀಸರಿಗೆ ಹೇಳಲಿಲ್ಲ ಎಂಬುದು ಆರೋಪ. ಹೈಕೋರ್ಟ್ ಕೈಬಿಟ್ಟಿದ್ದ ಆ ಮೊಕದ್ದಮೆಗೆ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಮತ್ತೆ ಜೀವ ಕೊಟ್ಟಿತು. ಅದು ಸರಿಯಾಗಿಯೇ ಇದೆ. ವೈದ್ಯರೇನು ತನಿಖಾಧಿಕಾರಿಗಳೇ ಎಂಬ ಪ್ರಶ್ನೆ ಇಲ್ಲಿ ನಿಲ್ಲುವುದಿಲ್ಲ. ಕಾಯ್ದೆ ಅವರಿಂದ ಸಾಕ್ಷ್ಯ ಕೇಳುತ್ತಿಲ್ಲ, ಸುಳಿವು ಕೇಳುತ್ತಿದೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ರಕ್ಷಣೆಯನ್ನೂ ಕೊಟ್ಟಿದೆ.

ಆದರೆ ಇದೇ ಕಲಂ ಹದಿನೇಳರ ಬಸುರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಾಗ ಬೇರೆಯೇ ಪರಿಣಾಮ ಬೀರುತ್ತದೆ. ಅವಳಿಗೆ ಮನೆಯವರು ಮದುವೆ ಮಾಡಿರಬಹುದು. ಅಥವಾ ಅವಳೇ ಮೆಚ್ಚಿದ ಹುಡುಗನಿರಬಹುದು. ಮದುವೆಯಾಗಿದ್ದರೂ ಹದಿನೆಂಟರೊಳಗಿನ ಸಂಬಂಧ ಅಪರಾಧವೇ ಎಂದು 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ತಾಯಿ ಕಾರ್ಡಿನಲ್ಲಿ ನಿಜವಾದ ವಯಸ್ಸು ಬಿದ್ದರೆ ಗಂಡ ಜೈಲಿಗೆ. ಹಾಗಾಗಿ ಆಧಾರ್ ಮರೆತು ಬಂದೆವೆಂದು ಹೇಳಿ ಹತ್ತೊಂಬತ್ತು ಎಂದು ಬರೆಸುವ, ಇಲ್ಲವೇ ಆಸ್ಪತ್ರೆಯ ಕಡೆ ಸುಳಿಯದೇ ಇರುವ ಒತ್ತಡ ಆ ಮನೆಯ ಮೇಲೆ ಬೀಳುತ್ತದೆ. ರಕ್ತಹೀನತೆ, ಏರಿದ ರಕ್ತದೊತ್ತಡ ಈ ವಯಸ್ಸಿನ ಬಸುರಿಗೆ ಹೆಚ್ಚು ಅಪಾಯಕಾರಿ. ಅವಳಿಗೇ ತಪಾಸಣೆ ತಪ್ಪುತ್ತದೆ. ರಕ್ಷಿಸಲೆಂದು ಬಂದ ಕಾನೂನು ಅವಳನ್ನು ವೈದ್ಯರಿಂದ ದೂರ ಮಾಡಿದರೆ ‘ಮೊದಲು ಹಾನಿ ಮಾಡಬೇಡ’ ಎಂಬ ತತ್ವಕ್ಕೆ ಅರ್ಥವೇನು?

2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ದಾರಿ ತೋರಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೋರಿದರೆ ವೈದ್ಯರು ವರದಿಯಲ್ಲಿ ಅವಳ ಗುರುತು ಹೇಳಬೇಕಿಲ್ಲ. ಒಳ್ಳೆಯ ತೀರ್ಪು, ಆದರೆ ಅರೆಬರೆ. ಗರ್ಭ ಉಳಿಸಿಕೊಳ್ಳುವವಳಿಗೆ, ಹೆರಿಗೆಗೆ ಬಂದವಳಿಗೆ ಇದರ ನೆರಳಿಲ್ಲ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಸಮ್ಮತಿಯ ವಯಸ್ಸನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತ್ತು. ಆಯೋಗ 2023ರ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ, ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ಆ ವಿವೇಚನೆ ಬರುವುದು ಮೊಕದ್ದಮೆ ಮುಗಿಯುವಾಗ. ಹುಡುಗಿ ಹೊರರೋಗಿ ವಿಭಾಗದ ಬಾಗಿಲಲ್ಲಿ ನಿಲ್ಲುವುದು ಅದಕ್ಕೆ ಎಷ್ಟೋ ಮೊದಲು.

ಹೆಸರಿಲ್ಲದ ವರದಿಯ ಮರೆಯಲ್ಲಿ ಹಿಂಸಕರು ತಪ್ಪಿಸಿಕೊಳ್ಳುವುದಿಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಪೋಷಕರ ಕೋರಿಕೆ ಬೇಕೆಂಬ ಷರತ್ತಂತೂ ನನಗೆ ಅಪಾಯಕಾರಿಯಾಗಿ ಕಾಣುತ್ತದೆ. ಬಾಲ್ಯವಿವಾಹ ಮಾಡಿದವರು, ಕೆಲವೊಮ್ಮೆ ದೌರ್ಜನ್ಯ ಎಸಗಿದವರೂ ಅವರೇ ಆಗಿರಬಹುದು. ಇದಕ್ಕೆ ಮದ್ದು ಕಾಯ್ದೆಯೊಳಗೇ ಇದೆ. ವೈದ್ಯಕೀಯ ಪರೀಕ್ಷೆಯ ವೇಳೆ ಪೋಷಕರು ಅಥವಾ ಮಗು ನಂಬುವ ಬೇರೆ ವ್ಯಕ್ತಿ ಜೊತೆಗಿರಬೇಕು ಎನ್ನುತ್ತದೆ 27ನೇ ಕಲಂ. ಅದೇ ನಂಬಿಕೆಯ ನಿಯಮ ಇಲ್ಲಿಗೂ ಬರಲಿ: ವೈದ್ಯರು ಹುಡುಗಿಯೊಂದಿಗೆ ಒಂಟಿಯಾಗಿ ಮಾತಾಡಲಿ, ಬಲವಂತ ಕಂಡರೆ ಹೆಸರು ಸಮೇತ ವರದಿ ಮಾಡಲಿ, ಕಾಣದಿದ್ದರೆ ಅವಳೊಬ್ಬಳ ಕೋರಿಕೆಯೇ ಸಾಕೆನ್ನಲಿ. ಗರ್ಭಿಣಿ ತಪಾಸಣೆಗೂ ಹೆರಿಗೆಗೂ ಈ ವಿನಾಯಿತಿಯನ್ನು ಸಂಸತ್ತು 19ನೇ ಕಲಮಿನಲ್ಲೇ ಬರೆಯಬೇಕು. ತಿದ್ದುಪಡಿ ಬರಲಿ, ಬಿಡಲಿ, ವೈದ್ಯರು ಇದೊಂದನ್ನು ಮರೆಯದಿರಲಿ: 2020ರ ಪೋಕ್ಸೊ ನಿಯಮಗಳ ಪ್ರಕಾರ ತುರ್ತು ಚಿಕಿತ್ಸೆಗೆ ಮುನ್ನ ಪೊಲೀಸರ ಪತ್ರವನ್ನಾಗಲಿ ಇನ್ನಾವುದೇ ದಾಖಲೆಯನ್ನಾಗಲಿ ಕೇಳುವಂತಿಲ್ಲ.