ಪ್ಯಾಂಟು ತಿರುವಿ ನೋಡಿ

ನನ್ನ ಹೊಸ ರೈಡಿಂಗ್ ಜೀನ್ಸನ್ನು ಸರಿಯಾಗಿ ವಿಮರ್ಶೆ ಮಾಡಿದ ಮೊದಲ ವ್ಯಕ್ತಿ ಇಳಕಲ್ಲಿನ ನನ್ನ ಚಿಗವ್ವ. ಆಕೆಗೆ ಬೈಕು ಓಡಿಸಲು ಬರುವುದಿಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿ ಮಗ್ಗದ ಮನೆಗೇ ಸೊಸೆಯಾಗಿ ಹೋದವಳು.

ಕಳೆದ ಯುಗಾದಿಗೆ ಬೆಂಗಳೂರಿನಿಂದ ಬೈಕಿನಲ್ಲೇ ಊರಿಗೆ ಹೊರಟಿದ್ದೆ. ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ ದಾಟಿ ಇಳಕಲ್ ಮುಟ್ಟುವಷ್ಟರಲ್ಲಿ ನಾನೂರು ಕಿಲೋಮೀಟರು ಮೀರಿತ್ತು, ಮಧ್ಯಾಹ್ನ ಮೂರಾಗಿತ್ತು. ಹುನಗುಂದದ ಹತ್ತಿರದ ನಮ್ಮೂರಿಗೆ ಹೋಗುವ ಮೊದಲು ಚಹಾ ಕುಡಿಯೋಣ ಅಂತ ಚಿಗವ್ವನ ಮನೆಗೆ ಹೋದೆ. ಪ್ಯಾಂಟು ಬಿಚ್ಚಿ ಲುಂಗಿ ಉಟ್ಟುಕೊಂಡೆ. ಬೆವರಿಗೆ ತೊಯ್ದಿದ್ದ ಜೀನ್ಸನ್ನು ಒಣಹಾಕಲು ಚಿಗವ್ವ ಒಳಮಗ್ಗುಲು ತಿರುವಿದಳು. ತಿರುವಿದವಳು ಹಾಗೇ ನಿಂತಳು.

"ಎಷ್ಟ ಕೊಟ್ಟೆಪಾ ಇದಕ್ಕ?"

"ಏಳೂವರೆ ಸಾವಿರ."

"ಏಳೂವರೆ ಸಾವಿರಕ್ಕ ಒಳಗ ಎರಡು ತ್ಯಾಪಿ ಹಚ್ಚಿ ಕೊಟ್ಟಾರಲ್ಲೋ ತಮ್ಮಾ!"

ಈ ಪ್ಯಾಂಟು ಕೊಳ್ಳುವ ಮೊದಲು ನಾನು ಇಪ್ಪತ್ತಾದರೂ ವಿಡಿಯೋ ನೋಡಿದ್ದೆ. ಎಲ್ಲರೂ ಹೊಲಿಗೆಯ ಬಣ್ಣ, ಜೇಬಿನ ಆಳ, ಕಾಲಿಗೆ ಕೂರುವ ಅಂದದ ಬಗ್ಗೆ ಮಾತಾಡಿದ್ದರು. ಒಬ್ಬರೂ ತಿರುವಿ ತೋರಿಸಿರಲಿಲ್ಲ. ನಾನೂ ತಿರುವಿ ನೋಡಿರಲಿಲ್ಲ ಅನ್ನಿ. ಇಳಕಲ್ ಸೀರೆಯನ್ನು ಬಲ್ಲವರು ಮೊದಲು ನೋಡುವುದು ಒಡಲೂ ಸೆರಗೂ ಕೂಡುವ ಜಾಗವನ್ನು. ಒಡಲಿನ ಹಾಸಿನ ಎಳೆಗೆ ಸೆರಗಿನ ರೇಷ್ಮೆಯ ಎಳೆಯನ್ನು ಕೊಂಡಿ ಹಾಕಿ ಕೂಡಿಸಿರುತ್ತಾರೆ. ಸೀರೆಯ ನಿಜ ಗೊತ್ತಾಗುವುದು ಅಲ್ಲಿ. ಅದೇ ಕಣ್ಣಿನಿಂದ ಆಕೆ ನನ್ನ ಪ್ಯಾಂಟು ನೋಡಿದ್ದಳು, ಅಷ್ಟೇ.

ಆಕೆ ಹೇಳಿದ್ದು ನಿಜ. ಜಾಹೀರಾತಿನಲ್ಲಿ ದೊಡ್ಡದಾಗಿ 'ಅರಾಮಿಡ್ ಲೈನಿಂಗ್' ಅಂತಿತ್ತು. ಒಳಗೆ ನೋಡಿದರೆ ಹಳದಿ ಬಟ್ಟೆ ಮೊಣಕಾಲಿನ ಹತ್ತಿರ ಒಂದು ಗೇಣು, ಹಿಂಬದಿಗೆ ಒಂದು ಗೇಣು. ಸೊಂಟದ ಎಲುಬಿನಿಂದ ಮೊಣಕಾಲಿನ ತನಕ, ತೊಡೆಯ ಹೊರಬದಿಗೆ ಇದ್ದದ್ದು ಬರೀ ಡೆನಿಮ್. ಡೆನಿಮ್ ಅಂದರೆ ಹಾಸಿಗೆ ನೀಲಿ ಎಳೆ, ಹೊಕ್ಕಿಗೆ ಬಿಳಿ ಎಳೆ ಹಾಕಿ ನೇಯ್ದ ಹತ್ತಿ ಬಟ್ಟೆ. ಸವೆದಾಗ ಬಿಳಿ ಕಾಣುವುದು ಅದಕ್ಕೇ. ಕೈಗೆ ಎಷ್ಟೇ ದಪ್ಪ ಅನ್ನಿಸಲಿ, ಡಾಂಬರಿನ ಮುಂದೆ ಅದು ಹತ್ತಿಯೇ.

ಬೈಕಿನಿಂದ ಬಿದ್ದಾಗ ನೆಲಕ್ಕೆ ಮೊದಲು ತಾಗುವುದು ಯಾವ ಭಾಗ ಅನ್ನೋದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನನ್ನ ತಮ್ಮ ಪಿಗ್ಮಿ ಕಲೆಕ್ಷನ್ ಮಾಡುತ್ತಾನೆ. ಹುನಗುಂದ, ಅಮೀನಗಡ, ಇಳಕಲ್ ಅಂತ ದಿನಕ್ಕೆ ಎಂಬತ್ತು, ನೂರು ಕಿಲೋಮೀಟರು ಓಡಾಟ. ಮೂರು ವರ್ಷದ ಹಿಂದೆ ಅಮೀನಗಡದ ದಾರಿಯಲ್ಲಿ ತಿರುವಿನಲ್ಲಿ ಚೆಲ್ಲಿದ್ದ ಖಡಿಯ ಮೇಲೆ ಮುಂದಿನ ಗಾಲಿ ಜಾರಿತು. ಸ್ಪೀಡು ನಲವತ್ತೈದು ಇದ್ದೀತು, ಅಷ್ಟೇ. ಹೆಲ್ಮೆಟ್ ಇತ್ತು, ತಲೆಗೆ ಏನೂ ಆಗಲಿಲ್ಲ. ಹಾಕಿದ್ದು ಸಾದಾ ಜೀನ್ಸು. ಎಡಗೈಯ ಅಂಗೈ, ಸೊಂಟದ ಪಕ್ಕ, ತೊಡೆಯ ಹೊರಬದಿ, ಮೊಣಕಾಲು, ಇಷ್ಟೂ ಕಡೆ ಚರ್ಮ ಹೋಗಿತ್ತು. ನರ್ಸು ಗಾಯದೊಳಗೆ ಅಂಟಿದ್ದ ನೀಲಿ ಎಳೆಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆಯುತ್ತಿದ್ದರು. ಅವ್ವ ಹೊರಗೆ ಹೋಗಿ ನಿಂತಿದ್ದಳು. ಮೂರು ವಾರ ತಮ್ಮ ಮನೆಯಲ್ಲಿ ಬೋರಲು ಮಲಗಿದ್ದ. ಪಿಗ್ಮಿಯವನಿಗೆ ಸಂಬಳ ಇಲ್ಲ, ಕಮಿಷನ್. ವಸೂಲಿಗೆ ಹೋಗದಿದ್ದರೆ ರೊಕ್ಕ ಇಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ, ಬಿಇ ಓದಿದ್ದಕ್ಕೆ ಅಷ್ಟಾದರೂ ಬೇಡವಾ. ಬಟ್ಟೆಗೂ ಡಾಂಬರಿಗೂ ನಡುವಿನ ಘರ್ಷಣೆಯ ಗುಣಾಂಕ ಸುಮಾರು 0.65 ಅಂತ ಹಿಡಿಯಿರಿ. 45 ಕಿ.ಮೀ. ವೇಗದಲ್ಲಿ ಬಿದ್ದವನು ನಿಲ್ಲುವ ಮೊದಲು ಎರಡು ಸೆಕೆಂಡು, ಸುಮಾರು 12 ಮೀಟರು ಉಜ್ಜಿಕೊಂಡು ಹೋಗುತ್ತಾನೆ. 70ರಲ್ಲಿ ಬಿದ್ದರೆ ಮೂರು ಸೆಕೆಂಡು, ಹತ್ತಿರಹತ್ತಿರ 30 ಮೀಟರು. ಸಾದಾ ಜೀನ್ಸಿಗೆ ಅಂಥ ಉಜ್ಜುವಿಕೆಯಲ್ಲಿ ತೂತು ಬೀಳಲು ಒಂದು ಸೆಕೆಂಡಿನ ಆಸುಪಾಸು ಸಾಕು. ಉಳಿದ ಸೆಕೆಂಡು ಉಜ್ಜುವುದು ಚರ್ಮ. ರೈಡಿಂಗ್ ಜೀನ್ಸ್ ಅನ್ನೋ ವಸ್ತುವಿನ ಕೆಲಸವೇ ಆ ಉಳಿದ ಒಂದೆರಡು ಸೆಕೆಂಡನ್ನು ತಾನು ತೆಗೆದುಕೊಳ್ಳುವುದು. ಅದನ್ನು ಮಾಡದಿದ್ದರೆ ಅದು ಮೊಣಕಾಲಿಗೆ ಸ್ಪಂಜು ಇಟ್ಟ ದುಬಾರಿ ಪ್ಯಾಂಟು.

ಇದನ್ನು ಅಳೆಯಲು ಯುರೋಪಿನಲ್ಲಿ 2020ರಿಂದ ಇಎನ್ 17092 ಅನ್ನುವ ಮಾನದಂಡ ಇದೆ. ಬಟ್ಟೆಯ ತುಂಡುಗಳನ್ನು ತಿರುಗುವ ಯಂತ್ರಕ್ಕೆ ಕಟ್ಟಿ, ಕಾಂಕ್ರೀಟಿನ ಮೇಲೆ ಬೀಳಿಸಿ, ನಿಲ್ಲುವ ತನಕ ಉಜ್ಜಿಸಿ, ತೂತು ಬಿತ್ತಾ ಅಂತ ನೋಡುತ್ತಾರೆ. ಹೊಲಿಗೆ ಎಷ್ಟು ಎಳೆತ ತಡೆಯುತ್ತದೆ ಅಂತಲೂ ನೋಡುತ್ತಾರೆ. ಅದರ ಮೇಲೆ ದರ್ಜೆ. ಹೆಚ್ಚು ಪೆಟ್ಟು ಬೀಳುವ ಭಾಗಗಳಲ್ಲಿ ಎ ದರ್ಜೆಯ ಬಟ್ಟೆ 45 ಕಿ.ಮೀ. ವೇಗಕ್ಕೆ ಸಮನಾದ ಪರೀಕ್ಷೆ ಪಾಸಾಗಬೇಕು, ಎಎ 70ಕ್ಕೆ, ಎಎಎ 120ಕ್ಕೆ. ಬಿ ದರ್ಜೆ ಅಂದರೆ ಉಜ್ಜಿಗೆ ಎ ಇದ್ದಂತೆಯೇ, ಆದರೆ ಪ್ಯಾಡ್ ಇಲ್ಲ.

ಪ್ಯಾಡಿಗೆ ಬೇರೆಯೇ ಮಾನದಂಡ, ಇಎನ್ 1621-1. ಅದರಲ್ಲಿ 50 ಜೂಲ್ ಪೆಟ್ಟು ಕೊಟ್ಟಾಗ ಒಳಗೆ ದಾಟುವ ಬಲ ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1, 20ರ ಒಳಗಿದ್ದರೆ ಲೆವೆಲ್ 2.

ಮೋಸ ಶುರುವಾಗುವುದು ಈ ಎರಡು ನಂಬರಿನ ನಡುವೆ. ಬಾಗಲಕೋಟೆಯ ಅಂಗಡಿಯೊಂದರಲ್ಲಿ ಮೂರು ಸಾವಿರದ ರೈಡಿಂಗ್ ಜೀನ್ಸ್ ನೋಡಿದೆ. ರಟ್ಟಿನ ಟ್ಯಾಗಿನ ಮೇಲೆ 'ಸಿಇ ಸರ್ಟಿಫೈಡ್' ಅಂತ ಚಿನ್ನದ ಬಣ್ಣದ ಅಕ್ಷರ. ಪ್ಯಾಡು ಹೊರಗೆ ಎಳೆದು ನೋಡಿದರೆ ಅದರ ಮೇಲೆ ಇಎನ್ 1621-1 ಅಂತ ಅಚ್ಚಾಗಿತ್ತು. ಪ್ಯಾಂಟಿನ ಒಳಗೆ ಹೊಲಿದ ಚೀಟಿಯಲ್ಲಿ 17092 ಇರಲಿಲ್ಲ, ದರ್ಜೆಯ ಅಕ್ಷರವೂ ಇರಲಿಲ್ಲ. ಅಂದರೆ ಪರೀಕ್ಷೆ ಬರೆದದ್ದು ಪ್ಯಾಡು, ಪಾಸಾದ ಸರ್ಟಿಫಿಕೇಟು ಹಿಡಿದು ನಿಂತದ್ದು ಪ್ಯಾಂಟು. ಅಂಗಡಿಯವರನ್ನು ಕೇಳಿದರೆ, "ಸರ್, ಸಿಇ ಅಂದ್ರ ಸಿಇನ ಅಲ್ರಿ" ಅಂದರು. ಅವರದ್ದೂ ತಪ್ಪಲ್ಲ. ಹೆಲ್ಮೆಟ್ಟಿಗಾದರೆ ನಮ್ಮಲ್ಲಿ ಕಾನೂನು ಇದೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಪ್ಯಾಂಟಿಗೆ ಅಂಥ ಕಡ್ಡಾಯ ಇಲ್ಲ. ಕತ್ತಿನ ಕೆಳಗೆ ನಮ್ಮ ಜವಾಬ್ದಾರಿ ನಮ್ಮದೇ.

ಇನ್ನು ನಮ್ಮಂಥ ಸಾಫ್ಟ್‌ವೇರಿನವರ ದೋಷಕ್ಕೆ ಬರೋಣ. ನಾವು ಒಂದೋ ಆ ಮೂರು ಸಾವಿರದ್ದನ್ನು ಕೊಂಡು ಸಮಾಧಾನ ಮಾಡಿಕೊಳ್ಳುತ್ತೇವೆ, ಇಲ್ಲಾ ಎಎಎ ಇಲ್ಲದ್ದು ಪ್ಯಾಂಟೇ ಅಲ್ಲ ಅಂತ ವಾದ ಮಾಡುತ್ತೇವೆ. ಶನಿವಾರ ಭಾನುವಾರ ಬಾದಾಮಿಗೆ ಹೋಗಿ ನೋಡಿ. ಗುಹೆಗಳ ಕೆಳಗಿನ ಪಾರ್ಕಿಂಗಿನಲ್ಲಿ ಬೆಂಗಳೂರು, ಪುಣೆಯ ಬೈಕುಗಳು ಸಾಲಾಗಿ ನಿಂತಿರುತ್ತವೆ, ಸೀಟಿನ ಮೇಲೆ ದುಬಾರಿ ಪ್ಯಾಂಟುಗಳು ಮಡಚಿ ಕಟ್ಟಿರುತ್ತವೆ. ಆ ಮರಳುಗಲ್ಲಿನ ಬಂಡೆ ಕಾದಾಗ ಅದನ್ನು ಹಾಕಿಕೊಂಡು ಮೆಟ್ಟಿಲು ಹತ್ತಲು ಯಾರಿಂದಾಗುತ್ತದೆ? ಅಲ್ಲಿಂದ ಪಟ್ಟದಕಲ್ಲಿಗೆ ಅರ್ಧ ಗಂಟೆಯ ದಾರಿ ತಾನೇ ಅಂತ ಕೆಲವರು ಚಡ್ಡಿಯಲ್ಲೇ ಬೈಕು ಹತ್ತಿದ್ದನ್ನೂ ಕಂಡಿದ್ದೇನೆ. ಸೀಟಿಗೆ ಕಟ್ಟಿದ ಎಎಎಗಿಂತ ಮೈಮೇಲಿರುವ ಎ ಮೇಲು. ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಗಾಳಿಯಾಡುವುದು ಸೌಕರ್ಯದ ಮಾತಲ್ಲ, ಸುರಕ್ಷತೆಯ ಮಾತೇ.

ಎ ದರ್ಜೆಯ 45 ಅನ್ನೋ ಸಂಖ್ಯೆಯನ್ನು ಓದಿದಾಗ ನನಗೆ ಹೊಳೆದದ್ದು ತಮ್ಮನ ಸ್ಪೀಡು. ಹುನಗುಂದ, ಅಮೀನಗಡ, ಕಮತಗಿಯ ರಸ್ತೆಯಲ್ಲಿ ನೂರು ಸಿಸಿ ಬೈಕಿನವನು ದಿನಾ ಓಡಿಸುವ, ದಿನಾ ಬೀಳುವ ಸ್ಪೀಡು ಅದೇ. ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದ ಜಲ್ಲೆ, ರಸ್ತೆ ಮೇಲೆ ಒಕ್ಕಲಿಗೆ ಹಾಸಿದ ತೊಗರಿ, ಕಲ್ಲಿನ ಲಾರಿಯಿಂದ ಉದುರಿದ ಪುಡಿ, ಬಣ್ಣ ಬಳಿಯದ ಹಂಪು, ನಮ್ಮ ಕಡೆ ಬೀಳಿಸುವುದು ಇವು. ಇಳಕಲ್ ಹತ್ತಿರದ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ದಿನಾ ಎಂಬತ್ತರಲ್ಲಿ ಹೋಗುವವರು ಎಎ ಹುಡುಕಿ, ಸಾಲ ಮಾಡಿಯಾದರೂ ತಗೊಳ್ಳಿ. ಊರಿನಿಂದ ಊರಿಗೆ ಓಡಾಡುವವನಿಗೆ ಸುಳ್ಳು ಹೇಳದ ಒಂದು ಎ ಪ್ಯಾಂಟು ಸಿಕ್ಕರೆ ದೊಡ್ಡದು.

ಹಾಗಾದರೆ ಕಡಿಮೆ ರೊಕ್ಕದಲ್ಲಿ ಕೊಳ್ಳುವುದು ಹೇಗೆ? ನನ್ನ ಏಳೂವರೆ ಸಾವಿರ ಕಲಿಸಿದ ಪಾಠ ಇಷ್ಟು. ರಟ್ಟಿನ ಟ್ಯಾಗು ಬಿಡಿ, ಒಳಗೆ ಹೊಲಿದ ಚೀಟಿ ಓದಿ: 17092 ಮತ್ತು ದರ್ಜೆಯ ಅಕ್ಷರ ಎರಡೂ ಇರಬೇಕು. ಆಮೇಲೆ ತಿರುವಿ. ಒಳಪದರದ ಪ್ಯಾಂಟಾದರೆ ಆ ಪದರ ಸೊಂಟದ ಪಕ್ಕದಿಂದ ಮೊಣಕಾಲಿನ ಕೆಳಗಿನ ತನಕ ಹೊರಬದಿಗೆ ಕಡಿಯದೆ ಬಂದಿರಬೇಕು. ಒಂದೇ ಪದರದ್ದಾದರೆ ಬಟ್ಟೆಯಲ್ಲೇ ಗಟ್ಟಿ ನೂಲು ಬೆರೆತಿರುತ್ತದೆ, ಆಗ ಚೀಟಿಯೇ ಸಾಕ್ಷಿ. ಹೊರಬದಿಯ ಉದ್ದ ಹೊಲಿಗೆ ಎರಡು ಸಾಲಾದರೂ ಇರಲಿ, ಬಟ್ಟೆ ಉಳಿದು ಹೊಲಿಗೆ ಬಿಚ್ಚಿದರೂ ತೊಡೆ ತೊಡೆಯೇ. ಎ ದರ್ಜೆಯಲ್ಲಿ ಸೊಂಟದ ಪ್ಯಾಡು ಕಡ್ಡಾಯ ಅಲ್ಲ, ಹಾಗಾಗಿ ಬಹಳ ಸಲ ಜೇಬಷ್ಟೇ ಕೊಟ್ಟಿರುತ್ತಾರೆ. ಪ್ಯಾಡನ್ನು ಬೇರೆ ಕೊಂಡು ಹಾಕಿಸಿ.

ಕನ್ನಡಿಯ ಮುಂದೆ ನಿಂತು ನೋಡಬೇಡಿ, ಬೈಕಿನ ಮೇಲೆ ಕೂತು ನೋಡಿ. ಕೂತಾಗ ಪ್ಯಾಂಟು ಮೇಲಕ್ಕೆ ಸರಿಯುತ್ತದೆ. ನಿಂತಾಗ ಮೊಣಕಾಲಿನ ಮೇಲಿದ್ದ ಪ್ಯಾಡು ಕೂತಾಗ ತೊಡೆಗೆ ಬಂದಿದ್ದರೆ ಅದು ಇದ್ದೂ ಇಲ್ಲ. ಪ್ಯಾಡನ್ನು ಮೇಲೆ ಕೆಳಗೆ ಮಾಡಲು ವೆಲ್ಕ್ರೋ ಇದ್ದರೆ ಒಳ್ಳೆಯದು. ಕೈಯಿಂದ ಹಿಡಿದು ಪಕ್ಕಕ್ಕೆ ತಿರುಗಿಸಿ, ಸುಲಭವಾಗಿ ತಿರುಗಿದರೆ ಬಿದ್ದಾಗಲೂ ತಿರುಗುತ್ತದೆ, ಒಂದು ಸೈಜು ಚಿಕ್ಕದು ಕೇಳಿ. ಮನೆಗೆ ಬಂದ ಮೇಲೆ ಬ್ಲೀಚ್ ಹಾಕಿ ಒಗೆಯಬೇಡಿ, ಅರಾಮಿಡ್ ನೂಲಿಗೆ ಬ್ಲೀಚೂ ಆಗುವುದಿಲ್ಲ, ಉರಿಬಿಸಿಲೂ ಆಗುವುದಿಲ್ಲ. ತಿರುವಿದ ಪ್ಯಾಂಟನ್ನು ನೆರಳಲ್ಲಿ ಒಣಹಾಕಿ.

ಇಷ್ಟೆಲ್ಲ ತಿಳಿದ ಮೇಲೆ ಎ ದರ್ಜೆಯ ಒಂದು ಜೀನ್ಸು ಹುಡುಕಿ ತಮ್ಮನಿಗೆ ಕಳಿಸಿದೆ. ತಿರುವಿ, ಚೀಟಿ ನೋಡಿ, ಚಿಗವ್ವನಿಗೆ ಫೋಟೋ ಕಳಿಸಿ, ಆಕೆ "ಇದು ಅಡ್ಡಿಯಿಲ್ಲ" ಅಂದ ಮೇಲೆ. ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಒಂದು ತಿಂಗಳಾದ ಮೇಲೆ ಊರಿಗೆ ಹೋದಾಗ ಮುಟ್ಟಿ ನೋಡಿದರೆ ಮೊಣಕಾಲಿನ ಪ್ಯಾಡು ಇಲ್ಲ.

"ಎಲ್ಲಿ ಹೋದುವಲೇ?"

"ಅಣ್ಣಾ, ನಾ ದಿನಕ್ಕ ಅರವತ್ತು ಮಂದಿ ಕಡೆ ಹೋಗ್ತೀನಿ. ಅಂಗಡ್ಯಾಗ, ಮನ್ಯಾಗ ಚಾಪಿ ಹಾಸಿ ಕುಂದ್ರು ಅಂತಾರ. ಚಕ್ಕಳಮಕ್ಕಳ ಹಾಕಿ ಕುಂತರ ಪ್ಯಾಡು ಒತ್ತತಾವ. ನಿಂತಗೊಂಡ ರೊಕ್ಕಾ ಎಣಿಸಿದ್ರ ಅವರಿಗೆ ಸರಿ ಬರಂಗಿಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ನೋಡಿದ ಯಾವ ವಿಡಿಯೋದಲ್ಲೂ ಬೈಕು ಇಳಿದವನು ನೆಲದ ಮೇಲೆ ಕೂರುವುದಿಲ್ಲ. ಆತ ಬೆಟ್ಟದ ತುದಿಯಲ್ಲಿ ನಿಂತು ಸೂರ್ಯಾಸ್ತ ನೋಡುತ್ತಾನೆ. ಪ್ಯಾಂಟು ಹೊಲಿದವರ ಕಣ್ಣಿಗೂ ಬಂದಿರುವುದು ಆ ಮನುಷ್ಯನೇ. ದಿನಕ್ಕೆ ಅರವತ್ತು ಸಲ ಇಳಿದು ಹತ್ತುವವನು, ನೆಲದಲ್ಲಿ ಕೂತು ಚಿಲ್ಲರೆ ಎಣಿಸುವವನು ಅವರ ಅಳತೆ ಪಟ್ಟಿಯಲ್ಲಿ ಇಲ್ಲ. ಅಗ್ಗದ ರೈಡಿಂಗ್ ಜೀನ್ಸಿನ ಮೇಲೆ ನನ್ನ ದೊಡ್ಡ ತಕರಾರು ಬೆಲೆಯದ್ದಲ್ಲ, ಇದು. ಪ್ಯಾಂಟು ಬಿಚ್ಚದೆಯೇ ಹೊರಗಿನಿಂದ ಪ್ಯಾಡು ತೆಗೆದು ಹಾಕಲು ಮೊಣಕಾಲಿನ ಹತ್ತಿರ ಒಂದು ಜಿಪ್ ಇಟ್ಟರೆ ಎಷ್ಟೋ ಸಲೀಸು. ಕೆಲವು ಪ್ಯಾಂಟುಗಳಲ್ಲಿ ಅದು ಇದೆ, ನಾನು ಕಳಿಸಿದ್ದರಲ್ಲಿ ಇರಲಿಲ್ಲ. ನನ್ನ ಪಟ್ಟಿಗೆ ಈಗ ಅದನ್ನೂ ಸೇರಿಸಿದ್ದೇನೆ, ನೀವೂ ಸೇರಿಸಿಕೊಳ್ಳಿ.

ಇಳಕಲ್ಲಿನ ಟೇಲರೊಬ್ಬರ ಹತ್ತಿರ ಚಿಗವ್ವ ತಾನೇ ನಿಂತು ಆ ಜಿಪ್ ಹಾಕಿಸಿದಳು. ಪಕ್ಕದ ಉದ್ದ ಹೊಲಿಗೆ ಮುಟ್ಟಗೊಡಲಿಲ್ಲವಂತೆ. ಹಾಗೆ ಕತ್ತರಿಸಿದರೆ ಆ ಜಾಗಕ್ಕೆ ಚೀಟಿಯ ದರ್ಜೆ ಅನ್ವಯಿಸುವುದಿಲ್ಲ ಅಂತ ನನಗೆ ಗೊತ್ತು. ಪ್ಯಾಡೇ ಇಲ್ಲದೆ ಓಡಾಡುವುದಕ್ಕಿಂತ ವಾಸಿ ಅಂತ ಒಪ್ಪಿದೆ. ಮೊನ್ನೆ ಫೋನ್ ಮಾಡಿದಾಗ ತಮ್ಮನನ್ನು ಮತ್ತೆ ಕೇಳಿದೆ, ಪ್ಯಾಡು ಹಾಕಿಕೊಂಡಿದ್ದೀಯೇನೋ ಅಂತ.

"ಅಮೀನಗಡದ ದಾರಿಗೆ ಹಾಕ್ಕೊಂತೀನಿ. ಊರಾಗ ಪಿಗ್ಮಿ ಬ್ಯಾಗಿನಾಗ ಇರತಾವ" ಅಂದ.

ಊರೊಳಗೂ ಬೀಳುತ್ತಾರಪ್ಪಾ ಅಂದೆ. ಹೂಂ ಅಂದ. ಅಷ್ಟರಲ್ಲಿ ಯಾರೋ ಒಳಗೆ ಕರೆದರು, ಫೋನ್ ಇಟ್ಟ.