ಮುಂಜಾವಿನ ಗಡಿಯಾರ ಮತ್ತು ಮೂರು ಹೆಸರುಗಳು: ರೇಸ್ ಮುನ್ನೋಟದ ಒಂದು ವಿಮರ್ಶೆ

ಕುದುರೆ ರೇಸು ನಡೆಯುವ ದಿನ ಬೆಳಿಗ್ಗೆ ಪತ್ರಿಕೆಯ ಕ್ರೀಡಾಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ಮುನ್ನೋಟವು ಪ್ರತಿಯೊಂದು ಓಟಕ್ಕೂ ಗೆಲ್ಲಬಹುದಾದ ಮೂರು ಕುದುರೆಗಳ ಹೆಸರನ್ನು ಕ್ರಮವಾಗಿ ಕೊಟ್ಟು, ಕೊನೆಯಲ್ಲಿ ಆ ದಿನದ ಅತ್ಯಂತ ಭರವಸೆಯ ಆಯ್ಕೆಯೆಂದು ಒಂದು ಹೆಸರನ್ನು ‘ಡೇಸ್ ಬೆಸ್ಟ್’ ಎಂದು ಬೇರೆ ತೆಗೆದಿಡುತ್ತದೆ. ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯಲ್ಲೂ ಮೈಸೂರಿನ ಚಾಮುಂಡಿ ಬೆಟ್ಟದ ಬುಡದಲ್ಲೂ ಬಾಜಿ ಕಟ್ಟುವವರು ದಶಕಗಳಿಂದ ಈ ಪುಟ್ಟ ಬರಹವನ್ನು ಬಲ್ಲವರ ಮಾತೆಂದು ನಂಬಿ ನಡೆದುಕೊಂಡಿದ್ದಾರೆ. ಓದುಗನ ಜೇಬಿನ ಮೇಲೆ ಇಷ್ಟು ನೇರವಾದ ಅಧಿಕಾರ ಪತ್ರಿಕೆಯ ಬೇರೆ ಯಾವ ಅಂಕಣಕ್ಕೂ ಇಲ್ಲವಾದರೂ, ಇದರಷ್ಟು ಕಡಿಮೆ ಪರೀಕ್ಷೆಗೆ ಒಳಗಾದ ಬರಹಪ್ರಕಾರವೂ ಬೇರೊಂದಿಲ್ಲ. ಮುನ್ನೋಟಕ್ಕೆ ಸಂದಿರುವ ಗೌರವವು ಅದರ ಅರ್ಹತೆಯನ್ನು ಬಹಳ ಮೀರಿದ್ದು, ಆ ಗೌರವದ ನಿಜವಾದ ಹಕ್ಕುದಾರನಾದ ಹ್ಯಾಂಡಿಕ್ಯಾಪರ್ ಮಾತ್ರ ಓದುಗರ ಗಮನಕ್ಕೇ ಬಂದಿಲ್ಲ.

ಹ್ಯಾಂಡಿಕ್ಯಾಪರ್ ಎಂದರೆ ಪ್ರತಿಯೊಂದು ಕುದುರೆಗೂ ಅದರ ಹಿಂದಿನ ಓಟಗಳನ್ನು ನೋಡಿ ಒಂದು ಅಂಕ, ಅಂದರೆ ರೇಟಿಂಗ್, ಕೊಟ್ಟು, ಆ ಅಂಕಕ್ಕೆ ತಕ್ಕಂತೆ ಬೆನ್ನಿನ ಮೇಲಿನ ತೂಕವನ್ನು ಗೊತ್ತುಮಾಡುವ ಕ್ಲಬ್ಬಿನ ಅಧಿಕಾರಿ. ಡರ್ಬಿಯಂಥ ದೊಡ್ಡ ಓಟಗಳಲ್ಲಿ ಒಂದೇ ವಯಸ್ಸಿನ ಗಂಡು ಕುದುರೆಗಳೆಲ್ಲ ಸಮಾನ ತೂಕ ಹೊರುತ್ತವೆ, ಹೆಣ್ಣು ಕುದುರೆಗಳಿಗೆ ಅಲ್ಪ ರಿಯಾಯಿತಿ ಇರುತ್ತದೆ. ಆದರೆ ಒಂದು ದಿನದ ಓಟಗಳಲ್ಲಿ ಬಹುಪಾಲು ಹ್ಯಾಂಡಿಕ್ಯಾಪ್ ಓಟಗಳೇ ಆಗಿದ್ದು, ಅವುಗಳಲ್ಲಿ ಒಂದು ಅಂಕಕ್ಕೆ ಅರ್ಧ ಕಿಲೋದ ಲೆಕ್ಕದಲ್ಲಿ ಬಲಿಷ್ಠ ಕುದುರೆಯ ಮೇಲೆ ಹೆಚ್ಚು ಭಾರ ಬೀಳುತ್ತದೆ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಅಡ್ಮಿರಲ್ ರೌಸ್ ಈ ಪದ್ಧತಿಯನ್ನು ಶಾಸ್ತ್ರದ ಮಟ್ಟಕ್ಕೆ ತಂದ ಕಾಲದಿಂದಲೂ ಅದರ ಆದರ್ಶ ಒಂದೇ: ಓಟಕ್ಕೆ ನಿಂತ ಕುದುರೆಗಳೆಲ್ಲ ಒಟ್ಟಿಗೇ ಗುರಿ ಮುಟ್ಟಬೇಕು. ಹೀಗಾಗಿ ಹ್ಯಾಂಡಿಕ್ಯಾಪ್ ಓಟದ ಮುನ್ನೋಟ ಬರೆಯುವವನು ಯಾವ ಕುದುರೆ ಉತ್ತಮ ಎಂದು ಹೇಳಿದರೆ ಸಾಲದು, ಹ್ಯಾಂಡಿಕ್ಯಾಪರ್ ಎಲ್ಲಿ, ಎಷ್ಟು ಕಿಲೋ ಎಡವಿದ್ದಾನೆ ಎಂಬುದನ್ನು ತೋರಿಸಬೇಕು. ಆ ಕೆಲಸವನ್ನು ಮಾಡುವ ಮುನ್ನೋಟ ಅಪರೂಪ.

ಅದರ ಬದಲಿಗೆ ಮುನ್ನೋಟವು ಆತುಕೊಂಡಿರುವುದು ಟ್ರ್ಯಾಕ್ ವರ್ಕ್ ಎಂಬ ಮುಂಜಾವಿನ ಓಟದ ವರದಿಯನ್ನು. ರೇಸಿಗೆ ಕೆಲವು ದಿನ ಮೊದಲು ನಸುಕಿನಲ್ಲಿ ಮರಳಿನ ಟ್ರ್ಯಾಕಿನ ಮೇಲೆ ಕುದುರೆಗಳನ್ನು ಓಡಿಸುವಾಗ, ದಂಡೆಯಲ್ಲಿ ನಿಂತವರು ಸ್ಟಾಪ್‌ವಾಚ್ ಒತ್ತಿ ಹಿಡಿದ ಸಮಯವೂ ಅದರ ಜೊತೆಗೆ ಒಂದೆರಡು ಪದಗಳ ಅಭಿಪ್ರಾಯವೂ ಸೇರಿದರೆ ಆ ವರದಿಯ ಒಂದು ಸಾಲು ಆಗುತ್ತದೆ: ಕುದುರೆಯ ಹೆಸರು, ಮೇಲೆ ಕುಳಿತವನು ಜಾಕಿಯೋ ಲಾಯದ ರೈಡಿಂಗ್ ಬಾಯ್‌ಯೋ ಎಂಬ ಗುರುತು, 600 ಮೀಟರಿಗೆ 40 ಸೆಕೆಂಡು, ಸರಾಗವಾಗಿ ಓಡಿತು. ಈ ಒಂದು ಸಾಲನ್ನು ತಾಳ್ಮೆಯಿಂದ ಬಿಡಿಸಿ ನೋಡಿದರೆ ಇಡೀ ಪ್ರಕಾರದ ದೌರ್ಬಲ್ಯ ಕಣ್ಣಿಗೆ ಬೀಳುತ್ತದೆ.

ಮೊದಲು ಸಮಯದ ವಿಚಾರ. 600 ಮೀಟರನ್ನು 40 ಸೆಕೆಂಡಿನಲ್ಲಿ ಓಡುವ ಕುದುರೆ ಸೆಕೆಂಡಿಗೆ 15 ಮೀಟರ್ ಕ್ರಮಿಸುತ್ತದೆ. ವರದಿಗಳು ಸಾಮಾನ್ಯವಾಗಿ ಅರ್ಧ ಸೆಕೆಂಡಿಗಿಂತ ಸೂಕ್ಷ್ಮವಾಗಿ ಅಳೆಯುವುದಿಲ್ಲ. ಅರ್ಧ ಸೆಕೆಂಡೆಂದರೆ ಏಳೂವರೆ ಮೀಟರ್, ಅಂದರೆ ಒಂದು ಕುದುರೆಯ ಉದ್ದವನ್ನು ಸುಮಾರು 2.4 ಮೀಟರೆಂದು ಹಿಡಿದರೆ ಮೂರು ಲೆಂಗ್ತ್. ಮಧ್ಯಾಹ್ನದ ಓಟಗಳು ಅರ್ಧ ಲೆಂಗ್ತ್, ಕುತ್ತಿಗೆ, ಮೂಗಿನ ಅಂತರದಲ್ಲಿ ತೀರ್ಮಾನವಾಗುವಾಗ, ಮೂರು ಲೆಂಗ್ತ್‌ಗಿಂತ ಚಿಕ್ಕ ವ್ಯತ್ಯಾಸವನ್ನು ಕಾಣಲಾರದ ಅಳತೆಗೋಲು ಯಾವ ಎರಡು ಕುದುರೆಗಳ ನಡುವೆ ತೀರ್ಪು ಕೊಡಬಲ್ಲದು? ಗಡಿಯಾರ ಒತ್ತುವ ಬೆರಳಿನ ತಡವನ್ನು ಈ ಲೆಕ್ಕದಲ್ಲಿ ಇನ್ನೂ ಸೇರಿಸಿಲ್ಲ.

ಸಮಯಕ್ಕಿಂತ ದೊಡ್ಡ ತೊಡಕು ಆ ಸಾಲಿನಲ್ಲಿ ಇಲ್ಲದಿರುವ ಸಂಗತಿಗಳದ್ದು. ಕುದುರೆ ಒಳಗಿನ ಕಟಕಟೆಗೆ ಹತ್ತಿರವಾಗಿ ಓಡಿತೋ ದೂರವಾಗಿ ಓಡಿತೋ ಎಂಬುದು ಸಾಮಾನ್ಯವಾಗಿ ದಾಖಲಾಗುವುದಿಲ್ಲ. ಅರ್ಧವೃತ್ತದಂಥ ಪೂರ್ಣ ತಿರುವಿನಲ್ಲಿ ಕಟಕಟೆಯಿಂದ ಒಂದು ಮೀಟರ್ ಹೊರಗೆ ಸರಿದರೂ ಓಡುವ ದೂರ ಮೂರು ಮೀಟರಿಗಿಂತ ಹೆಚ್ಚುತ್ತದೆಂಬುದು ಶಾಲೆಯ ರೇಖಾಗಣಿತವೇ ಹೇಳುವ ಮಾತು. ಬೆನ್ನಿನ ಮೇಲೆ ಎಷ್ಟು ಕಿಲೋ ಇತ್ತೆಂಬುದಂತೂ ಗೊತ್ತೇ ಆಗುವುದಿಲ್ಲ, ಹಾಗಿರುವಾಗ ಅರ್ಧರ್ಧ ಕಿಲೋದ ಲೆಕ್ಕದಲ್ಲಿ ತೂಗಿಟ್ಟ ಓಟಕ್ಕೆ ತೂಕವೇ ಗೊತ್ತಿಲ್ಲದ ಒಂದು ಬೆಳಗಿನ ಓಟ ಸಾಕ್ಷಿಯಾಗುವುದು ಹೇಗೆ? ಸವಾರ ಕುದುರೆಯನ್ನು ತಡೆದು ಹಿಡಿದಿದ್ದನೇ, ಒತ್ತಾಯಿಸಿ ಓಡಿಸಿದ್ದನೇ, ಟ್ರೈನರ್ ಆ ದಿನ ಕುದುರೆಗೆ ವೇಗ ಕೊಡಲು ಬಯಸಿದ್ದನೇ ಅಥವಾ ದಮ್ಮು ಕಟ್ಟಿಸಲು ಮಾತ್ರವೇ ಎಂಬುದು ಲಾಯದೊಳಗಿನ ವಿಷಯ. ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ಮರಳಿನ ಸ್ವಭಾವವೇ ಬದಲಾಗಿರುತ್ತದೆ. ಅಮೆರಿಕದ ಆಂಡ್ರ್ಯೂ ಬೇಯರ್ 1975ರಲ್ಲಿ ಪ್ರಕಟಿಸಿದ ‘ಪಿಕಿಂಗ್ ವಿನ್ನರ್ಸ್’ ಪುಸ್ತಕದ ಹಿರಿಮೆಯಿರುವುದು ಇಲ್ಲಿಯೇ: ಆ ದಿನದ ಟ್ರ್ಯಾಕ್ ಎಷ್ಟು ವೇಗದ್ದು ಎಂಬುದನ್ನು ಲೆಕ್ಕಹಾಕಿ ತಿದ್ದದ ಸಮಯಕ್ಕೆ ಅರ್ಥವಿಲ್ಲವೆಂದು ಅದು ಸಾಮಾನ್ಯ ಓದುಗನಿಗೂ ತಿಳಿಯುವಂತೆ ತೋರಿಸಿಕೊಟ್ಟಿತು. ಅರ್ಧ ಶತಮಾನ ಕಳೆದರೂ ಇಲ್ಲಿನ ಮುನ್ನೋಟಗಳಲ್ಲಿ ತಿದ್ದದ ಸಮಯಗಳೇ ಅಚ್ಚಾಗುತ್ತಿರುವುದು ವಿಷಾದದ ಸಂಗತಿ.

ಇನ್ನು ಅಭಿಪ್ರಾಯದ ಪದಗಳು. ಸರಾಗವಾಗಿ ಓಡಿತು, ಮೆಚ್ಚುಗೆಯಾಯಿತು, ಒಳ್ಳೆಯ ಹದದಲ್ಲಿದೆ, ಚೆನ್ನಾಗಿ ಹೆಜ್ಜೆ ಹಾಕಿತು ಎಂಬಂಥ ಹತ್ತು ಹನ್ನೆರಡು ಮಾತುಗಳು ವರ್ಷವಿಡೀ ಸುತ್ತು ಹೊಡೆಯುತ್ತವೆ. ಇವುಗಳಲ್ಲಿ ಯಾವುದು ಯಾವುದಕ್ಕಿಂತ ಮೇಲು ಎಂಬ ಶ್ರೇಣಿಯನ್ನು ಯಾವ ಅಂಕಣವೂ ಹೇಳುವುದಿಲ್ಲ, ಮೆಚ್ಚುಗೆ ಪಡೆದ ಕುದುರೆಗಳಲ್ಲಿ ಎಷ್ಟು ಗೆದ್ದವು ಎಂದು ಋತುವಿನ ಕೊನೆಯಲ್ಲಿ ಯಾರೂ ಎಣಿಸುವುದಿಲ್ಲ, ನಿರಾಸೆ ತಂದ ಓಟದ ಬಗ್ಗೆ ಬರೆದದ್ದಂತೂ ಬಹಳ ಕಡಿಮೆ. ಸಂಗೀತ ವಿಮರ್ಶಕ ‘ಕಛೇರಿ ರಂಜಿಸಿತು’ ಎಂದು ಬರೆದು ನಿಲ್ಲಿಸಿದರೆ ರಾಗ ಯಾವುದು, ಸಂಗತಿಗಳು ಹೇಗೆ ಬಂದವು ಎಂದು ರಸಿಕರು ಕೇಳುತ್ತಾರೆ. ರೇಸಿನ ಓದುಗ ಮಾತ್ರ ಅದೇ ಬಗೆಯ ಒಂದು ಪದವನ್ನು ನಂಬಿ ಟಿಕೆಟ್ ಕೌಂಟರಿನ ಮುಂದೆ ನಿಲ್ಲುತ್ತಾನೆ.

ಮುನ್ನೋಟವನ್ನು ಸಮರ್ಥಿಸುವವರು ಇಲ್ಲಿ ಸಾಮಾನ್ಯವಾಗಿ ನ್ಯಾಯಾಲಯದ ಮೊರೆ ಹೋಗುತ್ತಾರೆ. ಮದ್ರಾಸ್ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಕೆ. ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ಕುದುರೆ ರೇಸು ಮುಖ್ಯವಾಗಿ ಕೌಶಲದ ಆಟ, ಬರೀ ಅದೃಷ್ಟದ ಜೂಜಲ್ಲ ಎಂದು ತೀರ್ಪು ಕೊಟ್ಟಿತು. ಈ ತೀರ್ಪಿನ ಬಲದಿಂದ, ಮುನ್ನೋಟ ಬರೆಯುವುದೂ ಒಂದು ಸಾಬೀತಾದ ವಿದ್ಯೆಯೆಂದು ವಾದಿಸುವವರ ಒಂದು ಪರಂಪರೆಯೇ ಬೆಳೆದಿದೆ. ಈ ವಾದದಲ್ಲಿ ದೊಡ್ಡದೊಂದು ಜಿಗಿತವಿದೆ. ನ್ಯಾಯಾಲಯದ ಮುಂದಿದ್ದ ಪ್ರಶ್ನೆ ರೇಸು ಕಾನೂನಿನ ದೃಷ್ಟಿಯಲ್ಲಿ ಜೂಜೇ ಅಲ್ಲವೇ ಎಂಬುದು. ಕುದುರೆಯ ತಳಿ ಮತ್ತು ತರಬೇತಿ, ಜಾಕಿಯ ಚಾತುರ್ಯ, ಇವನ್ನೆಲ್ಲ ತಿಳಿದು ಬಾಜಿ ಕಟ್ಟುವವನ ವಿವೇಚನೆಗೆ ಇರುವ ಅವಕಾಶ, ಇವು ಅಲ್ಲಿ ಪರಿಗಣನೆಗೆ ಬಂದವು. ಕೌಶಲಕ್ಕೆ ಅವಕಾಶವಿದೆ ಎಂಬುದು ಒಂದು ಮಾತು, ಇಂಥ ಬರಹದಲ್ಲಿ ಆ ಕೌಶಲವಿದೆ ಎಂಬುದು ಇನ್ನೊಂದು. ವೈದ್ಯಶಾಸ್ತ್ರ ವಿಜ್ಞಾನವೆಂದು ಒಪ್ಪಿದ ಮಾತ್ರಕ್ಕೆ ಬರೆದ ಚೀಟಿಗಳೆಲ್ಲ ಸರಿಯಾಗುವುದಿಲ್ಲ.

ಎದುರು ಪಾಳೆಯದವರ ವಾದವೂ ಇಷ್ಟೇ ಸಡಿಲವಾದುದು. ರೇಸಿನ ಆಯ್ಕೆಗೂ ಓಸಿ ಎಂಬ ಅಂಕಿ ಜೂಜಿನ ನಂಬರಿಗೂ ವ್ಯತ್ಯಾಸವಿಲ್ಲ, ಎರಡೂ ಮನೆ ಮುಳುಗಿಸುವ ದಾರಿಗಳೇ ಎಂದು ನೀತಿಯ ನೆಲೆಯಿಂದ ಹೇಳುವವರು ಮನೆಗಳ ವಿಚಾರದಲ್ಲಿ ಸರಿಯಿರಬಹುದು, ಆದರೆ ವಸ್ತುವಿನ ವಿಚಾರದಲ್ಲಿ ತಪ್ಪುತ್ತಾರೆ. ಓಸಿಯ ಅಂಕಿಗೆ ನಿನ್ನೆಯ ನೆನಪಿಲ್ಲ. ಕುದುರೆಗೆ ವಯಸ್ಸು, ತೂಕ, ಗಾಯ, ದೂರದ ಒಲವು ಎಲ್ಲವೂ ಇವೆ, ಆದ್ದರಿಂದ ಅಧ್ಯಯನಕ್ಕೆ ಅರ್ಥವೂ ಇದೆ. ಎಂಬತ್ತರ ದಶಕದಿಂದ ಹಾಂಗ್‌ಕಾಂಗಿನಲ್ಲಿ ಗಣಿತದ ಮಾದರಿಗಳಿಂದ ಬಾಜಿ ಕಟ್ಟಿದ ಬಿಲ್ ಬೆಂಟರ್ 1994ರ ತನ್ನ ಪ್ರಬಂಧದಲ್ಲಿ ಈ ಅಧ್ಯಯನದಿಂದ ನಿಜವಾಗಿ ಲಾಭವಾಗಬಲ್ಲದೆಂದು ತೋರಿಸಿದ. ಆದರೆ ಆತನ ಪ್ರಬಂಧದ ಹೆಚ್ಚು ಬೆಲೆಬಾಳುವ ಭಾಗ ಬೇರೆ: ಎಷ್ಟೇ ಸೂಕ್ಷ್ಮವಾದ ಮಾದರಿಯಾದರೂ ಜನ ಕಟ್ಟಿದ ಹಣದಿಂದ ಹುಟ್ಟುವ ಆಡ್ಸ್‌ನ ಮಾಹಿತಿಯನ್ನು ಅದರೊಳಗೆ ಸೇರಿಸಿಕೊಳ್ಳದೆ ಗಟ್ಟಿಯಾಗದು ಎಂಬ ತಿಳಿವಳಿಕೆ. ನೀತಿವಾದಿಗಳಿಗೂ ತೀರ್ಪುವಾದಿಗಳಿಗೂ ನಡೆದಿರುವ ಇಡೀ ಜಗಳದಲ್ಲಿ ಆಡ್ಸ್ ಎಂಬುದರ ಸುಳಿವೇ ಇಲ್ಲ.

ಮುನ್ನೋಟದ ಮೂಲ ದೋಷವೂ ಅಲ್ಲಿಯೇ ಇದೆ. ಆಡ್ಸ್ ಎಂದರೆ ಗೆದ್ದರೆ ಕಟ್ಟಿದ ಹಣದ ಜೊತೆಗೆ ಅದರ ಎಷ್ಟು ಪಟ್ಟು ಬರುತ್ತದೆಂಬ ದರ. ಅದನ್ನು ಬುಕ್ಕಿಗಳು ಕೊಡುತ್ತಾರೆ, ಅಥವಾ ಟೋಟ್‌ನಲ್ಲಿ, ಅಂದರೆ ಕಟ್ಟಿದ ಹಣವನ್ನೆಲ್ಲ ಒಟ್ಟುಹಾಕಿ ಕಮಿಷನ್ನೂ ತೆರಿಗೆಯೂ ಕಳೆದು ಗೆದ್ದವರಿಗೆ ಹಂಚುವ ಪದ್ಧತಿಯಲ್ಲಿ, ತಾನಾಗಿ ಮೂಡುತ್ತದೆ. ನೂರರಲ್ಲಿ 40 ಸಲ ಗೆಲ್ಲಬಲ್ಲ ಫೇವರಿಟ್ ಕುದುರೆಗೆ ಒಂದಕ್ಕೆ ಒಂದರ ದರ ಸಿಕ್ಕಿದರೆ, ಹತ್ತು ರೂಪಾಯಿಯಂತೆ ನೂರು ಸಲ ಕಟ್ಟಿದವನ 1000 ರೂಪಾಯಿ 800 ಆಗಿ ಹಿಂದಿರುಗುತ್ತದೆ. ನೂರರಲ್ಲಿ 20 ಸಲ ಮಾತ್ರ ಗೆಲ್ಲುವ ಕುದುರೆಗೆ ಎಂಟರ ದರವಿದ್ದರೆ ಅದೇ ಸಾವಿರ 1800 ಆಗುತ್ತದೆ. ಮೊದಲನೆಯದೇ ಹೆಚ್ಚು ಗೆಲ್ಲುವ ಕುದುರೆ, ಮುನ್ನೋಟದಲ್ಲಿ ಮೊದಲ ಹೆಸರೂ ಅದರದ್ದೇ, ಆ ಆಯ್ಕೆ ತಪ್ಪೂ ಅಲ್ಲ, ಆದರೂ ಓದುಗನಿಗೆ ನಷ್ಟ. ಹಿಂದಿನ ದಿನವೇ ಬರೆದು ಮುಗಿಸಿದ ಬರಹಕ್ಕೆ ಮರುದಿನದ ದರ ಗೊತ್ತಿರಲು ಸಾಧ್ಯವಿಲ್ಲ ಎಂಬ ಸಮಾಧಾನ ಸಾಲದು. ದರ ಗೊತ್ತಿಲ್ಲದಿದ್ದರೂ ಗೆಲ್ಲುವ ಸಂಭವ ನೂರಕ್ಕೆ ಎಷ್ಟೆಂದು ಬರೆಯಬಹುದು, ಬರೆದರೆ ಓದುಗನೇ ಕೌಂಟರಿನ ಮುಂದೆ ದರವನ್ನು ಅದಕ್ಕೆ ಹೋಲಿಸಿ ನೋಡಿಕೊಳ್ಳುತ್ತಾನೆ. ಒಂದು, ಎರಡು, ಮೂರು ಎಂಬ ಕ್ರಮವು ಈ ಅಂತರಗಳನ್ನೆಲ್ಲ ಅಳಿಸಿಹಾಕುತ್ತದೆ. ಅಲ್ಲದೆ ಒಂಬತ್ತು ಕುದುರೆಗಳ ಓಟಕ್ಕೆ ಕಣ್ಣುಮುಚ್ಚಿ ಮೂರು ಹೆಸರು ಬರೆದರೂ ಮೂರರಲ್ಲೊಂದು ಸಲ ಗೆದ್ದ ಕುದುರೆ ಅವುಗಳಲ್ಲಿ ಇದ್ದೇ ಇರುತ್ತದೆ, ಹೀಗಾಗಿ ಹೇಳಿದ್ದು ನಿಜವಾಯಿತೆಂದು ಅಂಕಣ ಹೆಮ್ಮೆಪಡಲು ಕಾರಣಗಳು ಎಂದೂ ಬರಿದಾಗುವುದಿಲ್ಲ.

ಈ ಪ್ರಕಾರದ ಗುಣಗಳನ್ನೂ ಹೇಳಬೇಕು. ಸೂರ್ಯೋದಯಕ್ಕೆ ಮೊದಲೇ ಟ್ರ್ಯಾಕಿನ ಬಳಿ ನಿಲ್ಲುವ ವರದಿಗಾರರ ಶ್ರದ್ಧೆ ದೊಡ್ಡದು. ಮೇಲಿನ ದರ್ಜೆಯಿಂದ ಕೆಳಗಿಳಿದ ಕುದುರೆ, ಬದಲಾದ ಜಾಕಿ, ಮೊದಲ ಬಾರಿಗೆ ಕಣ್ಣಿನ ಪಕ್ಕಕ್ಕೆ ಬ್ಲಿಂಕರ್ಸ್ ಕಟ್ಟಿಸಿಕೊಂಡ ಕುದುರೆ, ಒಳಗಿನ ಗೇಟ್ ಸಿಕ್ಕಿದ ಕುದುರೆ ಇವನ್ನೆಲ್ಲ ಒಳ್ಳೆಯ ಮುನ್ನೋಟ ಎತ್ತಿ ತೋರಿಸುತ್ತದೆ, ಮತ್ತು ಈ ಸುಳಿವುಗಳು ಮುಂಜಾವಿನ ಸಮಯಗಳಿಗಿಂತ ಎಷ್ಟೋ ಗಟ್ಟಿಯಾದವು.

ಆದರೆ ಕೈಗೆ ಸಿಗುವ ಇಂಥ ಮಾಹಿತಿಯನ್ನೂ ಮುನ್ನೋಟ ಪೂರ್ತಿಯಾಗಿ ಬಳಸುವುದಿಲ್ಲ. ಬೆಂಗಳೂರಿನ ಬೇಸಿಗೆ ಋತುವೆಂಬುದು ಹೆಸರಿಗೆ ಬೇಸಿಗೆಯದಾಗಿದ್ದು ಮೇ ತಿಂಗಳಿನಿಂದ ಮಳೆಗಾಲದೊಳಕ್ಕೆ ಸಾಗುತ್ತದೆ. ಟ್ರ್ಯಾಕ್ ಎಷ್ಟು ಮೆತ್ತಗಿದೆ ಎಂಬುದನ್ನು ಪೆನೆಟ್ರೊಮೀಟರ್ ಎಂಬ, ನೆಲಕ್ಕೆ ಚುಚ್ಚಿ ಆಳ ಅಳೆಯುವ ಸಾಧನದಿಂದ ತಿಳಿದು ಪ್ರಕಟಿಸುತ್ತಾರೆ. ಒದ್ದೆ ನೆಲದಲ್ಲಿ ಯಾವ ಕುದುರೆ ಹಿಂದೆ ಹೇಗೆ ಓಡಿತ್ತು ಎಂಬ ದಾಖಲೆ ಕೈಗೆ ಸಿಗುವಂತಿದ್ದರೂ, ಮಳೆ ಬಂದರೆ ಆಯ್ಕೆ ಹೇಗೆ ಬದಲಾಗಬೇಕೆಂಬ ಎರಡನೆಯ ಪಟ್ಟಿಯನ್ನು ಕೊಡುವ ಮುನ್ನೋಟ ಕಾಣಸಿಗುವುದೇ ಇಲ್ಲ. ತನ್ನ ಆಯ್ಕೆಗಳು ಎಷ್ಟು ಫಲಿಸಿದವೆಂದು ಲೆಕ್ಕ ಒಪ್ಪಿಸುವ ಕೆಲಸಕ್ಕಂತೂ ಹೊಸ ಮಾಹಿತಿಯೇನೂ ಬೇಕಿಲ್ಲ. ಪ್ರತಿ ಓಟದ ಗೆದ್ದ ಕುದುರೆಗೆ ಟೋಟ್ ಎಷ್ಟು ಕೊಟ್ಟಿತೆಂಬುದು ಮರುದಿನದ ಫಲಿತಾಂಶದ ಜೊತೆಗೇ ಅಚ್ಚಾಗುತ್ತದೆ. ಪ್ರತಿಯೊಂದು ಮೊದಲ ಹೆಸರಿನ ಮೇಲೂ ಹತ್ತು ರೂಪಾಯಿಯಂತೆ ಕಟ್ಟಿದ್ದರೆ ಋತುವಿನ ಕೊನೆಗೆ ಎಷ್ಟು ಉಳಿಯುತ್ತಿತ್ತೆಂದು ಅದೇ ಪುಟದಲ್ಲಿ, ಅಷ್ಟೇ ಸಣ್ಣ ಅಕ್ಷರಗಳಲ್ಲಿ, ಒಂದು ಸಾಲು ಹಾಕಿದರೆ ಸಾಕು.