ರಾತ್ರಿ ಹತ್ತರ ನೀಲಿ ಟಿಕ್

ಆಫೀಸಿನ ವಾಟ್ಸಾಪ್ ಗ್ರೂಪಿಗೆ ಯಾರೂ ಅರ್ಜಿ ಹಾಕಿ ಸೇರುವುದಿಲ್ಲ. ಕೆಲಸಕ್ಕೆ ಹಾಜರಾದ ದಿನವೇ ಯಾರೋ ನಂಬರ್ ಕೇಳುತ್ತಾರೆ, ಸಂಜೆಯೊಳಗೆ ಎರಡು ಮೂರು ಗ್ರೂಪಿನಲ್ಲಿ ನೀವಿರುತ್ತೀರಿ. ಫೋನು ನಿಮ್ಮದು, ರೀಚಾರ್ಜ್ ನಿಮ್ಮದು, ಗ್ರೂಪು ಮಾತ್ರ ಸಾಹೇಬರದು. ಶಾಲೆಯ ಮೇಷ್ಟ್ರು, ಆಶಾ ಕಾರ್ಯಕರ್ತೆ, ಪಂಚಾಯಿತಿಯ ಪಿಡಿಓ, ಬೆಂಗಳೂರಿನ ಟೆಕ್ಕಿ ಎಲ್ಲರಿಗೂ ಇದೇ ಪಾಡು.

ಇದರಿಂದ ಅನುಕೂಲವೇ ಇಲ್ಲ ಎನ್ನಲಾರೆ. ಒಂದು ಸುತ್ತೋಲೆಗಾಗಿ ತಾಲ್ಲೂಕು ಕಚೇರಿಗೆ ಅಲೆಯುವುದು ತಪ್ಪಿದೆ. ನನ್ನ ತಕರಾರು ಬೇರೆ.

ರಾತ್ರಿ ಹತ್ತಕ್ಕೆ ಬಂದ ಇಮೇಲನ್ನು ಬೆಳಿಗ್ಗೆ ನೋಡಿದೆ ಎಂದರೆ ನಡೆಯುತ್ತದೆ. ಗ್ರೂಪಿನಲ್ಲಿ ಅದು ನಡೆಯುವುದಿಲ್ಲ. ಖಾಸಗಿ ಚಾಟಿನಲ್ಲಿ ನೀಲಿ ಟಿಕ್ ಅಡಗಿಸಿಟ್ಟವರೂ ಗ್ರೂಪಿನಲ್ಲಿ ಅಡಗಿಸಲಾರರು. ಸಾಹೇಬರು ತಮ್ಮ ಸಂದೇಶದ ಮೇಲೆ ಬೆರಳೊತ್ತಿ ‘ಇನ್ಫೋ’ ತೆರೆದರೆ ಯಾರು ಎಷ್ಟು ಗಂಟೆಗೆ ಓದಿದರು ಎಂಬ ಪಟ್ಟಿ ಸಿಗುತ್ತದೆ. ಓದಿದರೆ ಉತ್ತರಿಸಬೇಕು, ಓದದಿದ್ದರೆ ಏಕೆ ಓದಲಿಲ್ಲ ಎಂಬುದಕ್ಕೆ ಉತ್ತರಿಸಬೇಕು. ಅಷ್ಟರಲ್ಲಿ ಯಾರೋ ಒಬ್ಬರು ‘ನೋಟೆಡ್ ಸರ್’ ಎಂದು ಹಾಕಿರುತ್ತಾರೆ. ಆಮೇಲೆ ಮಿಕ್ಕವರು ಸುಮ್ಮನಿರುವ ಹಾಗಿಲ್ಲ. ಊಟದ ತಟ್ಟೆಯ ಮುಂದೆ ಕೂತು ಎಡಗೈಯಲ್ಲಿ ಕೈಮುಗಿಯುವ ಇಮೋಜಿ ಒತ್ತುತ್ತಾರೆ. ನಿಜವಾದ ಕೆಲಸ ಎರಡು ನಿಮಿಷದ್ದಿರಬಹುದು. ಆದರೆ ಫೋನು ಮತ್ತೆ ಯಾವಾಗ ಸದ್ದು ಮಾಡೀತೋ ಎಂದು ಕಾಯುವುದಿದೆಯಲ್ಲ, ಅದು ಮಲಗುವವರೆಗೂ ಬಿಡುವುದಿಲ್ಲ.

ಇದಕ್ಕೆ ಮದ್ದೆಂದು ‘ಡಿಜಿಟಲ್ ಡಿಟಾಕ್ಸ್’ ಶಿಬಿರಗಳನ್ನೂ ಧ್ಯಾನದ ಆ್ಯಪ್‌ಗಳನ್ನೂ ಮಾರುವವರಿದ್ದಾರೆ. ಹೊರೆ ಹೇರಿದವರನ್ನು ಬಿಟ್ಟು ಹೊತ್ತವರಿಗೆ ಸಂಯಮ ಬೋಧಿಸುವ ವ್ಯಾಪಾರವಿದು. ಫೋನ್ ಆಫ್ ಮಾಡಿ ಮಲಗುವ ಧೈರ್ಯ ಕಾಯಂ ನೌಕರರಿಗೇ ಕಷ್ಟ, ಗುತ್ತಿಗೆ ನೌಕರರ ಮಾತಂತೂ ಬೇಡ.

ಕಾನೂನಿನ ದಾರಿ ಹಿಡಿದ ದೇಶಗಳಿವೆ. ಫ್ರಾನ್ಸಿನಲ್ಲಿ 2017ರಿಂದ ಐವತ್ತು ಮತ್ತು ಅದಕ್ಕೂ ಹೆಚ್ಚು ನೌಕರರಿರುವ ಕಂಪನಿಗಳು ಕೆಲಸದ ವೇಳೆಯ ನಂತರದ ಸಂಪರ್ಕದ ಬಗ್ಗೆ ಮಾತುಕತೆ ನಡೆಸಲೇಬೇಕು. ಆದರೆ ಅದು ಮಾತುಕತೆಯ ಕಾನೂನು, ನಿಷೇಧದ್ದಲ್ಲ. ಪೋರ್ಚುಗಲ್ 2021ರಲ್ಲಿ, ವೇಳೆ ಮುಗಿದ ಮೇಲೆ ನೌಕರರನ್ನು ಸಂಪರ್ಕಿಸದಿರುವ ಹೊಣೆಯನ್ನು ಮಾಲೀಕನ ಮೇಲೆಯೇ ಹೊರಿಸಿತು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ, ನಿರಾಕರಣೆ ಅಸಮಂಜಸವಲ್ಲದಿದ್ದರೆ, ಕೆಲಸದ ವೇಳೆ ಮುಗಿದ ಮೇಲೆ ಬಂದ ಕರೆಗೆ ಉತ್ತರಿಸದಿರುವ ಹಕ್ಕು ನೌಕರರಿಗಿದೆ. ನಮ್ಮಲ್ಲಿ ‘ಬೇಡ’ ಎನ್ನುವುದನ್ನು ನೌಕರನಿಗೇ ಬಿಟ್ಟರೆ ಯಾರೂ ಬಾಯಿ ತೆರೆಯುವುದಿಲ್ಲ, ಹಾಗಾಗಿ ನನಗೆ ಪೋರ್ಚುಗಲ್ ಮಾದರಿಯೇ ಮೇಲು. ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ, ವೇಳೆ ಮುಗಿದ ಮೇಲಿನ ಕರೆಗೆ ಉತ್ತರಿಸದಿರುವ ಹಕ್ಕಿಗಾಗಿ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾನೂನಾಗಲಿಲ್ಲ.

ಹೊಸ ಕಾನೂನು ಬರುವವರೆಗೆ ಹಳೆಯದೊಂದು ಕೈಯಲ್ಲೇ ಇದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ ಕೊಡಬೇಕು. ಖಾಸಗಿ ಕಚೇರಿಗಳಲ್ಲಿ ರಾತ್ರಿಯ ಸಂದೇಶದ ಕೆಲಸ ಈ ಲೆಕ್ಕಕ್ಕೇ ಬರುತ್ತಿಲ್ಲ. ವಿಚಿತ್ರವೆಂದರೆ ಪುರಾವೆ ಮಾತ್ರ ಯಥೇಚ್ಛವಾಗಿದೆ: ಯಾರು ಕೆಲಸ ಹೇಳಿದರು, ಎಷ್ಟು ಗಂಟೆಗೆ, ಯಾರು ಎಷ್ಟು ಗಂಟೆಗೆ ಮುಗಿಸಿ ಕಳಿಸಿದರು, ಎಲ್ಲವೂ ಆ ಗ್ರೂಪಿನಲ್ಲೇ ಇದೆ. ಕಾರ್ಮಿಕ ಇಲಾಖೆ ಅದನ್ನು ಓವರ್‌ಟೈಮ್ ದಾಖಲೆಯೆಂದು ಒಪ್ಪಿಕೊಳ್ಳಲಿ.